ಡೈವ್ ಮಾಡದವರ ಹತ್ತಿರ ಡೈವಿಂಗ್ ಮಾತು

ನಮ್ಮ ಸ್ಕೂಬಾ ಡೈವಿಂಗ್ ಗುಂಪಿನ ಗೆಳೆಯರೇ, ಒಂದು ಚಿಕ್ಕ ಸೂಚನೆ. ಟ್ರಿಪ್ ಮುಗಿದ ಕೂಡಲೇ ಮನೆಯವರ, ಆಫೀಸಿನವರ ಗುಂಪುಗಳಿಗೆ ರಾಶಿಗಟ್ಟಲೆ ವಿಡಿಯೋ ಕಳಿಸುವುದನ್ನು ಸ್ವಲ್ಪ ಕಡಿಮೆ ಮಾಡೋಣ. ಡೈವ್ ಮಾಡದವರಿಗೆ ಕಾಣುವುದು ಬರೀ ನೀಲಿ ನೀರು, ನಡುವೆ ಯಾರದೋ ಕಾಲು. ಪಾಪ, ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಾರೆ. ನಮ್ಮ ಸನ್ನೆಯಲ್ಲಿ ಹೆಬ್ಬೆರಳು ಎತ್ತಿದರೆ 'ಸಾಕು, ಮೇಲೆ ಹೋಗೋಣ' ಅಂತ ಅಲ್ವಾ? ಅವರು ಹೇಳುತ್ತಿರುವುದೂ ಅದೇ ಇರಬಹುದು!

ಸಿಲಿಂಡರ್‌ನಲ್ಲಿ ಎಷ್ಟು ಬಾರ್ (ಗಾಳಿಯ ಒತ್ತಡದ ಅಳತೆ) ಉಳಿದಿತ್ತು, ಉಸಿರಾಡಲು ಬಾಯಿಗಿಡುವ ರೆಗ್ಯುಲೇಟರ್ ಯಾವುದು ಒಳ್ಳೆಯದು, ಇವೆಲ್ಲ ಇಲ್ಲೇ ಇರಲಿ. ಹೊರಗಿನವರಿಗೆ ಕಥೆಯಿರುವ ಒಂದೇ ಒಂದು ಸಂಗತಿ ಹೇಳಿ. ಕ್ಲೀನರ್ ರಾಸ್ ಮೀನನ್ನೇ ತೆಗೆದುಕೊಳ್ಳಿ. ಬೆರಳುದ್ದದ ಅದು ದೊಡ್ಡ ಗ್ರೂಪರ್ ಮೀನಿನ ತೆರೆದ ಬಾಯಿಗೇ ನುಗ್ಗುತ್ತದೆ. ಕಿವಿರಿಗೆ ಅಂಟಿದ ಹುಳುಗಳನ್ನು ಹೆಕ್ಕಿ ತಿಂದು ಆರಾಮಾಗಿ ಹೊರಗೆ ಬರುತ್ತದೆ. ಪಕ್ಕದಲ್ಲಿ ಬೇರೆ ಮೀನುಗಳು ಸರದಿಗಾಗಿ ಕಾಯುತ್ತಿರುತ್ತವೆ. ಇಲ್ಲವೇ ಕ್ಲೌನ್ ಮೀನಿನ ವಿಷಯ: ಹೆಣ್ಣು ಸತ್ತರೆ ಜೊತೆಗಿದ್ದ ಗಂಡೇ ಹೆಣ್ಣಾಗುತ್ತದೆ. ಇಲ್ಲವೇ ಬಣ್ಣದ ವಿಷಯ: ನೀರಲ್ಲಿ ಆಳಕ್ಕೆ ಇಳಿದಂತೆ ಮೊದಲು ಮಾಯವಾಗುವ ಬಣ್ಣ ಕೆಂಪು. 20 ಮೀಟರ್ ದಾಟಿದ ಮೇಲೆ ಬೆರಳು ಗೀರಿದರೆ ರಕ್ತ ಹಸಿರಾಗಿ ಕಾಣುತ್ತದೆ. ಮಕ್ಕಳಿಗೆ ಇದು ಜಾಸ್ತಿ ಹಿಡಿಸುತ್ತದೆ.

'ನೀನೂ ಒಂದ್ಸಲ ಬಾ' ಅಂತ ದುಂಬಾಲು ಬೀಳಬೇಡಿ. ಅಸ್ತಮಾ, ಕಿವಿಯ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಲೇಬೇಕು. ಇನ್ನು ಕೆಲವರಿಗೆ ಸುಮ್ನೆ ಇಷ್ಟವಿಲ್ಲ, ಅಷ್ಟೇ.

ಉಳಿದ ವಿಡಿಯೋ ಎಲ್ಲ ಇಲ್ಲಿಗೆ ಹಾಕಿ. ಮಬ್ಬಾಗಿದ್ದರೂ ನೋಡುತ್ತೇವೆ.