ಗೆಳೆಯನಿಗೊಂದು ಪತ್ರ: ಪ್ರೆಸ್ಸಿಗೆ ಹೋಗದ ಪೋಸ್ಟರುಗಳು

ಪ್ರಿಯ ಗೆಳೆಯ,

ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸುದ್ದಿಸಂಸ್ಥೆ ತಾಸ್ ಹೊರತಂದ ಮಾಸ್ಕೋದ ‘ತಾಸ್ ಕಿಟಕಿ’ ಪೋಸ್ಟರುಗಳ ಫೋಟೋ ಕಳಿಸಿ, ಇಷ್ಟೊಂದು ಬಣ್ಣ ಯಾವ ಪ್ರೆಸ್ಸಲ್ಲಿ ಹೊಡೆದರು ಅಂತ ಕೇಳಿದ್ದೀಯ. ಪ್ರೆಸ್ಸೇ ಇಲ್ಲ ಮಾರಾಯ. ಬಾಗಿಲ ಮುಂದೆ ತೂತಿನ ಅಚ್ಚಿಟ್ಟು ರಂಗೋಲಿ ಪುಡಿ ಉದುರಿಸುತ್ತಾರಲ್ಲ, ಅದೇ ಉಪಾಯ: ಸ್ಟೆನ್ಸಿಲ್.

ಜರ್ಮನಿ ಸೋವಿಯತ್ ಒಕ್ಕೂಟದೊಳಗೆ ನುಗ್ಗಿದ್ದು 1941ರ ಜೂನ್ 22ಕ್ಕೆ. ಮೊದಲ ಕಿಟಕಿ ಹೊರಬಿದ್ದದ್ದು ಜೂನ್ 27ಕ್ಕೆ. ಈ ಅವಸರಕ್ಕೆ ಹಳೆಯ ಅಭ್ಯಾಸವಿತ್ತು. 1919ರಲ್ಲಿ ಖಾಲಿ ಅಂಗಡಿಗಳ ಗಾಜಿಗೆ ಸುದ್ದಿಚಿತ್ರ ಅಂಟಿಸುವ ‘ರೋಸ್ತಾ ಕಿಟಕಿ’ (ರೋಸ್ತಾ ಅಂದರೆ ತಾಸ್‌ಗಿಂತ ಮುಂಚಿನ ಸುದ್ದಿಸಂಸ್ಥೆ) ಶುರುಮಾಡಿದ ಮಿಖಾಯಿಲ್ ಚೆರೆಮ್ನಿಖ್, ಇಲ್ಲೂ ಮುಂದಾಳುಗಳಲ್ಲಿ ಒಬ್ಬ. ಹೆಸರು ಬಂದದ್ದೂ ಆ ಗಾಜಿನಿಂದಲೇ.

ಕೆಲಸ ಹೀಗೆ. ಕಲಾವಿದ ಮೂಲಚಿತ್ರ ಬರೆಯುತ್ತಾನೆ, ಕವಿ ಕೆಳಗಿನ ಪದ್ಯ ಕೊಡುತ್ತಾನೆ. ಮಾರ್ಷಾಕ್, ದೆಮ್ಯಾನ್ ಬೆದ್ನಿಯಂಥವರು ಬರೆದಿದ್ದಾರೆ. ಆಮೇಲೆ ಚಿತ್ರವನ್ನು ಬಣ್ಣಬಣ್ಣವಾಗಿ ಬಿಡಿಸಿ, ಒಂದೊಂದಕ್ಕೂ ಬೇರೆ ಸ್ಟೆನ್ಸಿಲ್ ಕತ್ತರಿಸಬೇಕು. ಕೆಲವು ಪೋಸ್ಟರಿಗೆ 60–70 ಬೇಕಾದದ್ದುಂಟು! ಎತ್ತರ ಐದರಿಂದ ಹತ್ತು ಅಡಿ. ಅಷ್ಟು ದೊಡ್ಡ ಕಾಗದ ಎಲ್ಲಿಂದ ಬರಬೇಕು? ಹಾಳೆ ಹಾಳೆಯಾಗಿ ಬಣ್ಣ ಹಚ್ಚಿ ಅಂಟಿಸಿ ಜೋಡಿಸುತ್ತಿದ್ದರು.

ಕೆಡುವುದು ಎಲ್ಲಿ ಅಂತ ಸ್ಟೆನ್ಸಿಲ್ ಕತ್ತರಿಸಿದ ಯಾರನ್ನಾದರೂ ಕೇಳು. ‘ಠ’ ಕತ್ತರಿಸಿದರೆ ನಡುವಿನ ಚುಕ್ಕಿ ತಾನಾಗಿ ನಿಲ್ಲುವುದಿಲ್ಲ. ಸಣ್ಣ ಕೊಂಡಿ ಬಿಟ್ಟು ಹಿಡಿದಿಡಬೇಕು. ಇಲ್ಲವೇ ಅದನ್ನೇ ಎರಡು ಸ್ಟೆನ್ಸಿಲ್ ಮಾಡಿ, ಒಂದರ ಕೊಂಡಿಯ ಗುರುತನ್ನು ಇನ್ನೊಂದರಲ್ಲಿ ಮುಚ್ಚಬೇಕು. ಸಂಖ್ಯೆ ಏರುವುದೇ ಇಂಥದ್ದರಿಂದ. ಬಣ್ಣ ತೆಳ್ಳಗಾದರೆ ಅಂಚಿನಡಿ ನುಸುಳಿ ಹರಡುತ್ತದೆ. ಬ್ರಷ್ಷನ್ನು ಎಳೆದರೂ ಅದೇ ಗತಿ. ನೆಟ್ಟಗೆ ಹಿಡಿದು ಕುಟ್ಟಬೇಕು. ಹಿಂದಿನ ಬಣ್ಣ ಒಣಗುವ ಮುಂಚೆ ಮುಂದಿನದನ್ನು ಇಟ್ಟರೆ ರಾಡಿ. ಹಾಳೆ ಕೂದಲೆಳೆ ಸರಿದರೂ ಮೂಗು ಒಂದು ಕಡೆ, ನೆರಳು ಇನ್ನೊಂದು ಕಡೆ.

ಇಷ್ಟೆಲ್ಲ ಪಾಡು ಯಾಕೆ? ಅಂದಿನ ಸುದ್ದಿಗೆ ಅಂದೇ ಚಿತ್ರ ಬೇಕಿತ್ತು. ಲಿಥೋ (ಕಲ್ಲಚ್ಚು) ಯಂತ್ರದ ಸರದಿ ಕಾಯುತ್ತ ಕೂತರೆ ಸುದ್ದಿ ಹಳಸುತ್ತಿತ್ತು. ಪ್ರೆಸ್ಸಿನಲ್ಲಿ ಪ್ರತಿ ಬಣ್ಣವೂ ಇನ್ನೊಂದು ಸುತ್ತಿನ ಖರ್ಚು. ಇಲ್ಲಿ ಬೇಕಾದದ್ದು ಇನ್ನೊಂದು ರಟ್ಟು, ಇನ್ನೊಂದು ಜೊತೆ ಕೈ. ಯುದ್ಧ ಮುಗಿಯುವಷ್ಟರಲ್ಲಿ 1,200ಕ್ಕೂ ಹೆಚ್ಚು ಪೋಸ್ಟರು ತಯಾರಾದವು. ಕೆಳಗೆ ರುಜು ಇರುವುದು ಕಲಾವಿದನದು, ಕವಿಯದು. ರಟ್ಟು ಕತ್ತರಿಸಿದವರ ಹೆಸರು ಹುಡುಕಬೇಡ, ಸಿಗುವುದಿಲ್ಲ. ನನ್ನ ಕೇಳಿದರೆ ಅರ್ಧ ಚಿತ್ರ ಅವರದೇ.

ನಿಜವಾದದ್ದನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನ ಸಂಗ್ರಹ ಗಮನಿಸು. ಅಲ್ಲಿನ ಸಾಮಾನಿನ ಕೋಣೆಯೊಂದರಲ್ಲಿ ಈ ಪೋಸ್ಟರುಗಳ 26 ಕಟ್ಟು ದಶಕಗಟ್ಟಲೆ ಮರೆತುಹೋಗಿ ಬಿದ್ದಿದ್ದವು, ಸಿಕ್ಕಿದ್ದು 1997ರಲ್ಲಿ, 2011ರಲ್ಲಿ ಪ್ರದರ್ಶನವಾಯಿತು. ಹಾಳೆಗಳು ಸೇರುವ ಗೆರೆ, ಬಣ್ಣ ದಪ್ಪಗೆ ನಿಂತ ಅಂಚು, ಇವೆರಡನ್ನು ಹುಡುಕು.

ಹಾಂ, ನೀನು ಕಳಿಸಿದ ಕೊನೆಯ ಚಿತ್ರ, ಜರ್ಮನಿ-ಸೋವಿಯತ್ ಪರಸ್ಪರ ದಾಳಿ ಮಾಡುವುದಿಲ್ಲವೆಂಬ ಒಪ್ಪಂದದ ಹರಿದ ಹಾಳೆಯಿಂದ ತಲೆ ತೂರಿಸಿದ ಹಿಟ್ಲರನಿಗೆ ಸೈನಿಕ ಬಯೋನೆಟ್ ಇರಿಯುವುದು, 1941ರ ಜೂನಿನದು. ಬರೆದವರು ಕುಕ್ರಿನಿಕ್ಸಿ, ಅದು ಒಬ್ಬರಲ್ಲ, ಕುಪ್ರಿಯಾನೋವ್, ಕ್ರಿಲೋವ್, ನಿಕೊಲಾಯ್ ಸೊಕೊಲೋವ್ ಮೂವರ ಹೆಸರಿನ ತುಂಡುಗಳು. ಕಿಟಕಿಗಳಿಗೂ ಬಹಳ ಬರೆದವರೇ. ಆದರೆ ಇದು ಮಾತ್ರ ಪ್ರೆಸ್ಸಿನಲ್ಲಿ ಅಚ್ಚಾದದ್ದು, ಬೇರೆ ಫೋಲ್ಡರಿಗೆ ಹಾಕು.

ನಿನ್ನ ಗೆಳೆಯ