ಹುಣ್ಣಿನ ಮದ್ದಿಗೆ ಮೊದಲು ಹೇನು ನೋಡಿ

ಮಾನ್ಯ ಸಂಪಾದಕರೇ,

ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಸಾಕಿದ ಮೀನಿಗೆ ಹುಣ್ಣಾದ ಕೂಡಲೇ ಮೇವಿಗೆ ಆ್ಯಂಟಿಬಯೋಟಿಕ್ ಬೆರೆಸುವುದು ಸರಿಯಲ್ಲ, ಮೊದಲು ಮೈಮೇಲಿನ ಹೇನು ನೋಡಬೇಕು.

ಕಳೆದ ತಿಂಗಳು ನಮ್ಮ ಭಾವನವರ ಪಂಜರದಿಂದ ಒಂದು ಸೀಬಾಸ್ ಎತ್ತಿ ನೋಡಿದೆ. ರೆಕ್ಕೆಯ ಬುಡದಲ್ಲಿ ಹುರುಪೆ ಉದುರಿ ಕೆಂಪಾಗಿತ್ತು. ಉಗುರಲ್ಲಿ ಕೆರೆದರೆ ಅರ್ಧ ಅಕ್ಕಿಕಾಳಿನಷ್ಟು ದೊಡ್ಡ, ಗಾಜಿನಂಥ ಹುಳ ಸರಸರ ಹರಿದಾಡಿತು! ಇದೇ ಸಮುದ್ರದ ಹೇನು. ಇದು ಮೀನಿನ ಲೋಳೆ, ಚರ್ಮ ತಿಂದು ಗಾಯ ಮಾಡುತ್ತದೆ, ಉಪ್ಪುನೀರಲ್ಲಿ ಯಾವಾಗಲೂ ಇರುವ, ಹುಣ್ಣು ತರುವ ವಿಬ್ರಿಯೊ ಬ್ಯಾಕ್ಟೀರಿಯಾ ಆ ಗಾಯದಿಂದ ಒಳಗೆ ಹೋಗುತ್ತದೆ, ಹೇನು ಮೀನಿಂದ ಮೀನಿಗೆ ಹಾರುವಾಗ ರೋಗಾಣುವನ್ನೂ ಹೊತ್ತೊಯ್ಯಬಹುದು. ಆ್ಯಂಟಿಬಯೋಟಿಕ್‌ಗೆ ಹೇನು ಸಾಯುವುದಿಲ್ಲ. ಎಂಟು ದಿನಕ್ಕೆ ಮತ್ತೆ ಗಾಯ, ಮತ್ತೆ ಮದ್ದು. ದುಡ್ಡು ಸುಮ್ನೆ ನೀರಿಗೆ ಹಾಕಿದಂತೆ, ಅಲ್ವಾ? ಕೊನೆಗೆ ಬ್ಯಾಕ್ಟೀರಿಯಾವೂ ಆ ಮದ್ದಿಗೆ ಬಗ್ಗುವುದಿಲ್ಲ.

ಪಂಜರದ ಬಲೆಯದ್ದೂ ತಪ್ಪು ಇದೆ. ಪಾಚಿ, ಚಿಪ್ಪು ಕಟ್ಟಿದರೆ ನೀರು ಓಡುವುದಿಲ್ಲ. ಹೇನಿನಂತೆಯೇ ಮೀನಿನ ಮೈಗೆ ಹತ್ತುವ ಕೆಲವು ಚಪ್ಪಟೆ ಹುಳಗಳ ಮೊಟ್ಟೆ ಬಲೆಯ ದಾರಕ್ಕೇ ಸುತ್ತಿಕೊಂಡಿರುತ್ತವೆ, ಮೀನನ್ನು ಮಾತ್ರ ತೊಳೆದರೆ ಮತ್ತೆ ಹತ್ತುತ್ತವೆ.

ಕೆಲವು ನಿಮಿಷ ಸಿಹಿನೀರಲ್ಲಿ ಬಿಟ್ಟರೆ ಇಂಥ ಹುಳ ಜಾಸ್ತಿ ಉದುರುತ್ತವೆ, ಆದರೆ ಎಷ್ಟು ಹೊತ್ತು ಎಂದು ತಿಳಿದವರು ನಿಂತು ತೋರಿಸಬೇಕು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ. ಅಲ್ಲಿನವರೂ ಮೀನುಗಾರಿಕೆ ಇಲಾಖೆಯವರೂ ಸೇರಿ, ಹದಿನೈದು ದಿನಕ್ಕೊಮ್ಮೆ ಪಂಜರಗಳ ಹತ್ತಿರ ಬಂದು, ಒಂದು ಭೂತಗನ್ನಡಿ ಹಿಡಿದು ನಾಲ್ಕು ಮೀನು ನೋಡಿ ಹೇಳುವ ವ್ಯವಸ್ಥೆ ಮಾಡಲಿ.

— ಒಬ್ಬ ಓದುಗ, ಕಾರವಾರ