ಮರ ಬಿತ್ತೋ, ಬೀಳುತ್ತಿತ್ತೋ?

ಮಾನ್ಯ ಸಂಪಾದಕರೇ,

ನಾನು ಮೂಡಿಗೆರೆ ತಾಲ್ಲೂಕಿನ ಬಣಕಲ್ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಇಪ್ಪತ್ತಾರು ವರ್ಷವಾಯಿತು. ಆಳುಗಳ ಹಾಜರಿ, ಬಟವಾಡೆ, ಕುಯ್ಲಿನ ಲೆಕ್ಕ, ಮಳೆ ಲೆಕ್ಕ ಎಲ್ಲ ನಾನೇ ಬರೆಯುವುದು. ತೋಟಕ್ಕೆ ಇಂಗ್ಲಿಷ್ ಕಾಗದ ಬಂದರೂ, ಇಲ್ಲಿಂದ ಹೋದರೂ ನನ್ನ ಕೈಯಿಂದಲೇ. ಓದಿದ್ದು ಕನ್ನಡ ಮೀಡಿಯಂ, ಪಿಯುಸಿವರೆಗೆ. ನಮ್ಮ ಮಕ್ಕಳ ಇಂಗ್ಲಿಷ್ ಬಗ್ಗೆ ನಿಮ್ಮಲ್ಲಿ ಆಗಾಗ ಪತ್ರಗಳು ಬರುತ್ತವೆ. ಆದರೆ ಮುಗಿದುಹೋದ ಕೆಲಸಕ್ಕೂ ಇಂಗ್ಲಿಷಿನಲ್ಲಿ 'ವಾಸ್' ಹಾಕಿ 'ಇಂಗ್' ಸೇರಿಸಿಬಿಡುವ ತಪ್ಪು ನನ್ನನ್ನು ಇಷ್ಟು ವರ್ಷ ಕಾಡಿದೆ, ಅದನ್ನು ಅಲ್ಲಿ ನೋಡಿದ ನೆನಪಿಲ್ಲ. ಅದಕ್ಕೇ ಈ ಪತ್ರ.

2019ರ ಆಗಸ್ಟ್ ಮಳೆಯನ್ನು ನಮ್ಮ ಕಡೆಯವರು ಮರೆಯುವ ಹಾಗೇ ಇಲ್ಲ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ಆ ಮಳೆಯಲ್ಲೇ ಒಂದು ರಾತ್ರಿ ನಮ್ಮ ತೋಟದ ಸಿಲ್ವರ್ ಓಕ್ ಮರವೊಂದು ಬುಡಸಮೇತ ಕಿತ್ತುಕೊಂಡು ಗೋಡೌನ್ ಮೇಲೆ ಬಿತ್ತು. ಹೆಂಚು, ರೀಪು ಎಲ್ಲ ಪುಡಿಪುಡಿ. ಒಳಗಿದ್ದ ಗೊಬ್ಬರದ ಚೀಲಗಳು ನೆನೆದು ಕರಗಿಹೋದವು. ಇನ್ಶೂರೆನ್ಸಿಗೆ ನಾನೇ ಕೂತು ಅರ್ಜಿ ಬರೆದೆ. 'ದ ಟ್ರೀ ವಾಸ್ ಫಾಲಿಂಗ್ ಆನ್ ದ ಗೋಡೌನ್. ದ ಟೈಲ್ಸ್ ವರ್ ಬ್ರೇಕಿಂಗ್.'

ವಾರದ ಮೇಲೆ ಅಲ್ಲಿಂದ ಫೋನ್ ಬಂತು. 'ಮರ ಬಿದ್ದಿದೆಯೋ, ಬೀಳುವ ಹಾಗಿತ್ತೋ? ಸರಿಯಾಗಿ ಬರೆದು ಕಳಿಸಿ' ಅಂದರು. ಅವರು ಬಂದು ನೋಡಲಿ ಅಂತ ನಾವು ಮರ ತೆಗೆಸಿರಲಿಲ್ಲ. ಫೋನ್ ಇಟ್ಟು ಹೊರಗೆ ಬಂದರೆ ಅದು ಟಾರ್ಪಾಲು ಮುಚ್ಚಿದ ಗೋಡೌನ್ ಮೇಲೆ ಹಾಗೇ ಮಲಗಿತ್ತು. ಅದನ್ನೇ ನೋಡುತ್ತ ತುಂಬಾ ಹೊತ್ತು ನಿಂತೆ. ಕಣ್ಣೆದುರಿಗೆ ಬಿದ್ದಿರುವ ಮರವನ್ನು 'ಬಿತ್ತು' ಅಂತ ಹೇಳಲು ನನಗೆ ಬರಲಿಲ್ಲವಲ್ಲ ಅಂತ ತುಂಬಾ ನೋವಾಯಿತು. ಇನ್ನೊಂದು ಅರ್ಜಿ ಹೋಯಿತು, ದುಡ್ಡು ಬರುವುದು ಅಷ್ಟು ತಡವಾಯಿತು.

ಯಾಕೆ ಹಾಗೆ ಬರೆದೆ ಅಂತ ಆಮೇಲೆ ಯೋಚಿಸಿದ್ದೇನೆ. 'ಫಾಲ್' ಹೋಗಿ 'ಫೆಲ್' ಆಗುತ್ತದೆ, 'ಬ್ರೇಕ್' ಹೋಗಿ 'ಬ್ರೋಕ್' ಆಗುತ್ತದೆ. ಇಂಥವನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕು. 'ವಾಸ್' ಹಾಕಿ ಕೊನೆಗೆ 'ಇಂಗ್' ಸೇರಿಸಿದರೆ ಏನೂ ನೆನಪಿಡಬೇಕಾಗಿಲ್ಲ. ಜೊತೆಗೆ, ಉದ್ದ ಬರೆದರೆ ಕಚೇರಿ ಕಾಗದಕ್ಕೆ ಗೌರವ ಜಾಸ್ತಿ ಅನ್ನುವ ಭಾವನೆ ಬೇರೆ. ಕನ್ನಡ ಮೀಡಿಯಂನಲ್ಲಿ ಓದಿದ ಎಷ್ಟೋ ಜನ ಹೀಗೇ ಬರೆಯುವುದನ್ನು ನೋಡಿದ್ದೇನೆ. ಅವರಿಗೆ ಬುದ್ಧಿ ಕಮ್ಮಿ ಅಂತಲ್ಲ. ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೇ.

ಈಗ ಮತ್ತೆ ಅದೇ ವಿಷಯ ಮನೆಗೇ ಬಂದಿದೆ. ಮಗಳು ಒಂಬತ್ತನೇ ಕ್ಲಾಸು. ಹೋದ ತಿಂಗಳು ಶಾಲೆಯಲ್ಲಿ 'ನನಗೆ ಇಷ್ಟವಾದವರು' ಅಂತ ಇಂಗ್ಲಿಷಿನಲ್ಲಿ ಬರೆಯಲು ಹೇಳಿದ್ದರು. ಅವಳು ತೀರಿಹೋದ ಅಜ್ಜಿಯ ಬಗ್ಗೆ, ಅಂದರೆ ನನ್ನ ಅವ್ವನ ಬಗ್ಗೆ ಬರೆದಳು. 'ಅಜ್ಜಿ ವಾಸ್ ಗೆಟಿಂಗ್ ಅಪ್ ಅಟ್ ಫೋರ್ ಓ ಕ್ಲಾಕ್. ಶಿ ವಾಸ್ ಮೇಕಿಂಗ್ ಅಕ್ಕಿರೊಟ್ಟಿ. ಶಿ ವಾಸ್ ಆಲ್ವೇಸ್ ಕೀಪಿಂಗ್ ಒನ್ ರೊಟ್ಟಿ ಫಾರ್ ಮಿ.' ಪುಟ ಪೂರ್ತಿ ಹೀಗೇ. ಪ್ರತಿಯೊಂದು 'ವಾಸ್' ಕೆಳಗೂ ಕೆಂಪು ಗೆರೆ. ಕೊನೆಯಲ್ಲಿ 'ಟೆನ್ಸ್ ರಾಂಗ್' ಅಂತ ಎರಡೇ ಮಾತು. ಹತ್ತಕ್ಕೆ ಮೂರು ಅಂಕ. ಹುಡುಗಿ ಪುಸ್ತಕ ಮುಚ್ಚಿಟ್ಟು ಕೇಳಿದಳು: 'ಅಪ್ಪಾ, ಅಜ್ಜಿ ದಿನಾ ಮಾಡ್ತಿದ್ರು ತಾನೇ? ಮಾಡ್ತಿದ್ರು ಅಂದ್ರೆ ವಾಸ್ ಮೇಕಿಂಗ್ ಅಲ್ವಾ?'

ಗಂಟು ಇರುವುದೇ ಅಲ್ಲಿ. ನಮ್ಮ 'ಮಾಡುತ್ತಿದ್ದರು' ಒಂದೇ ಮಾತು, ಆದರೆ ಅದು ಮೂರು ಕೆಲಸ ಮಾಡುತ್ತದೆ. 'ನಾನು ಅಡುಗೆ ಮನೆಗೆ ಹೋದಾಗ ಅಜ್ಜಿ ರೊಟ್ಟಿ ಮಾಡುತ್ತಿದ್ದರು' ಅಂದರೆ ಆ ಹೊತ್ತಿಗೆ ಕೆಲಸ ನಡೆದೇ ಇತ್ತು, ರೊಟ್ಟಿ ಇನ್ನೂ ಕಾವಲಿ ಮೇಲಿತ್ತು. 'ಅಜ್ಜಿ ದಿನಾ ರೊಟ್ಟಿ ಮಾಡುತ್ತಿದ್ದರು' ಅಂದರೆ ಅದು ಅವರ ರೂಢಿ. 'ನೀನು ಬರುವುದು ಗೊತ್ತಿದ್ದರೆ ಅಜ್ಜಿ ರೊಟ್ಟಿ ಮಾಡುತ್ತಿದ್ದರು' ಅಂದರೆ ಅವತ್ತು ರೊಟ್ಟಿಯನ್ನೇ ಮಾಡಿಲ್ಲ. ಕೇಳುವವರಿಗೆ ಮೂರೂ ಸಲೀಸಾಗಿ ಅರ್ಥವಾಗುತ್ತವೆ. ಇಂಗ್ಲಿಷಿನ 'ವಾಸ್ ಮೇಕಿಂಗ್' ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹೊಂದುತ್ತದೆ. ದಿನಾ ಮಾಡಿದ್ದಕ್ಕೆ ಬರೀ 'ಮೇಡ್' ಸಾಕು, ಇಲ್ಲವಾದರೆ 'ಯೂಸ್ಡ್ ಟು ಮೇಕ್'. ಮೂರನೆಯದಕ್ಕೆ 'ವುಡ್ ಹ್ಯಾವ್ ಮೇಡ್'. ಮಗಳು ಕನ್ನಡದಲ್ಲಿ ಯೋಚಿಸಿದ್ದು ಸರಿಯಾಗಿಯೇ ಇತ್ತು. ದಾಟಿಸುವಾಗ ದಾರಿ ತಪ್ಪಿತು.

ಆ ರೊಟ್ಟಿ ಎತ್ತಿಡುವ ಮಾತು ನೋಡಿ. 'ವಾಸ್ ಆಲ್ವೇಸ್' ಅಂತ ಹಾಕಿ 'ಇಂಗ್' ಸೇರಿಸಿದರೆ ಇಂಗ್ಲಿಷಿನಲ್ಲಿ ಎಷ್ಟೋ ಸಲ 'ಯಾವಾಗ ನೋಡಿದರೂ ಇದೇ ಆಯಿತು' ಅನ್ನುವ ಬೇಸರದ ಧ್ವನಿ ಬಂದುಬಿಡುತ್ತದೆ. ಮಗು ಪ್ರೀತಿಯಿಂದ ಬರೆದದ್ದು ಓದುವವರಿಗೆ ದೂರಿನ ಹಾಗೆ ಕೇಳಿಸಬಹುದು. 'ಶಿ ಆಲ್ವೇಸ್ ಕೆಪ್ಟ್' ಅಂದಿದ್ದರೆ ಅವಳ ಮನಸ್ಸಿನಲ್ಲಿದ್ದದ್ದೇ ಬರುತ್ತಿತ್ತು. ಇಂಥದ್ದನ್ನು ಕೆಂಪು ಗೆರೆ ಹೇಳಿಕೊಡುತ್ತದೆಯೇ?

ಅವಳಿಗೆ ನಾನು ತೋರಿಸಿದ್ದು ತೋಟದ ಹಳೇ ಡೈರಿಗಳನ್ನು. ನನಗಿಂತ ಮುಂಚಿನ ರೈಟರ್‌ಗಳು ಇಂಗ್ಲಿಷಿನಲ್ಲಿ ಬರೆದವು. 'ರೇನ್ಡ್ ಆಲ್ ನೈಟ್. 3 ಇಂಚು 40 ಸೆಂಟ್ಸ್.' (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು.) ರಾತ್ರಿಯೆಲ್ಲ ಸುರಿದರೂ 'ವಾಸ್ ರೇನಿಂಗ್' ಅಂತ ಬರೆದಿಲ್ಲ. ಎಷ್ಟು ಹೊತ್ತು ನಡೆಯಿತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಎದ್ದು ಮಳೆ ಮಾಪಕದ ನೀರು ಅಳೆದಾಗ ರಾತ್ರಿಯ ಲೆಕ್ಕ ಅಲ್ಲಿಗೆ ಮುಗಿಯಿತು, ಡೈರಿಗೆ ಅಂಕಿ ಬಂತು. ಅದು 'ರೇನ್ಡ್'. ಆದರೆ ರಾತ್ರಿ ಎರಡು ಗಂಟೆಗೆ ಯಾರಾದರೂ ಟಾರ್ಚ್ ಹಿಡಿದು ಹೊರಗೆ ಬಂದಿದ್ದರೆ, ಅವರು ಕಂಡ ಆ ಗಳಿಗೆಯಲ್ಲಿ 'ಇಟ್ ವಾಸ್ ರೇನಿಂಗ್', ಮಾಪಕಕ್ಕೆ ನೀರು ಬೀಳುತ್ತಲೇ ಇತ್ತು. ಒಂದೇ ಮಳೆ. ಮುಗಿದ ಮೇಲೆ ಅಳೆದು ನೋಡುತ್ತೀಯೋ, ಮಧ್ಯದಲ್ಲಿ ನಿಂತು ನೋಡುತ್ತೀಯೋ ಅನ್ನುವುದರ ಮೇಲೆ ಮಾತು ಬದಲಾಗುತ್ತದೆ. ಇದು ಅವಳಿಗೆ ತಕ್ಷಣ ಹೊಳೆಯಿತು. ದಿನಾ ನನ್ನ ಜೊತೆ ಬಂದು ಮಾಪಕ ನೋಡುವವಳು ಅವಳೇ.

ಆಮೇಲೆ ಅವಳೇ ಒಂದು ಜೋಡಿ ಮಾಡಿಕೊಂಡಳು. 'ವೆನ್ ದ ಟ್ರೀ ಫೆಲ್, ವಿ ವರ್ ಈಟಿಂಗ್' ಅಂದರೆ ಮರ ಬೀಳುವಾಗ ತಟ್ಟೆ ಮುಂದಿತ್ತು. 'ವೆನ್ ದ ಟ್ರೀ ಫೆಲ್, ವಿ ರ್‍ಯಾನ್ ಔಟ್' ಅಂದರೆ ಬಿದ್ದ ಸದ್ದಿಗೆ ಎದ್ದು ಓಡಿದೆವು. 'ಐ ವಾಸ್ ನೋಯಿಂಗ್' ಅಂತ ಬರೆಯುವುದನ್ನು ಬಿಟ್ಟು 'ಐ ನ್ಯೂ' ಅನ್ನುವುದಂತೂ ಇನ್ನೂ ಸುಲಭವಾಯಿತು. ಕನ್ನಡದಲ್ಲೂ ನಾವು 'ನನಗೆ ಗೊತ್ತಿತ್ತು' ಅಂತಲೇ ಹೇಳುವುದು.

ಶಾಲೆಯಲ್ಲಿ ಹೇಳಿಕೊಡುವುದು ಹೇಗೆ ಅಂತ ಅವಳ ನೋಟ್ಸ್ ನೋಡಿದೆ. ಹನ್ನೆರಡು ಟೆನ್ಸುಗಳ ಒಂದು ಚೌಕ, ಅದರೊಳಗೆ ಸೂತ್ರ. 'ಸಬ್ಜೆಕ್ಟ್ ಪ್ಲಸ್ ವಾಸ್ ಪ್ಲಸ್ ಇಂಗ್.' ಯಾವಾಗ ಯಾವುದು ಬೇಕು ಅಂತ ಎಲ್ಲೂ ಇಲ್ಲ. ಟೆಸ್ಟಿನಲ್ಲಿ ಬಿಟ್ಟ ಸ್ಥಳ ತುಂಬಿ ಅಂತ 'ಐ ಡ್ಯಾಶ್ ಎ ಬುಕ್ ಯೆಸ್ಟರ್‌ಡೇ ಈವ್ನಿಂಗ್' ಕೊಟ್ಟಿದ್ದಾರೆ. 'ರೆಡ್' ಅಂದರೂ ಸರಿ, 'ವಾಸ್ ರೀಡಿಂಗ್' ಅಂದರೂ ಸರಿ. ಹಿಂದೆ ಮುಂದೆ ಇನ್ನೊಂದು ವಾಕ್ಯ ಇಲ್ಲದೆ ಯಾರೂ ತೀರ್ಮಾನ ಮಾಡಲಾಗದು. ಆದರೂ ಒಂದಕ್ಕೆ ಮಾತ್ರ ಅಂಕ ಬಂದಿದೆ. ಮಕ್ಕಳು ಹೀಗೆ ಸುಮ್ನೆ ಅಂಕ ಕಳೆದುಕೊಂಡು, ಇಂಗ್ಲಿಷ್ ನಮಗೆ ಹತ್ತುವುದಿಲ್ಲ ಅಂತ ನಂಬಿಬಿಡುತ್ತಾರೆ.

ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೊಂದು ಪುಸ್ತಕ ತಿದ್ದಬೇಕು ಅವರು. ಆದರೂ ಕೈಮುಗಿದು ಕೇಳುತ್ತೇನೆ. ಟೆನ್ಸ್ ಹೇಳಿಕೊಡುವಾಗ ಕನ್ನಡವನ್ನು ಹೊರಗೆ ಕಳಿಸಬೇಡಿ. 'ಮಾಡುತ್ತಿದ್ದರು' ಅಂತ ಬೋರ್ಡಿನ ಮೇಲೆ ಬರೆದು, ಇದು ಆ ಹೊತ್ತಿನದೋ, ದಿನಾ ಆಗುವುದೋ ಅಂತ ಮಕ್ಕಳನ್ನೇ ಕೇಳಿ. ಅವರಿಗೆ ಉತ್ತರ ಗೊತ್ತಿರುತ್ತದೆ. ಪ್ರಶ್ನೆ ಬರೆಯುವವರು ಒಂಟಿ ವಾಕ್ಯ ಕೊಡದೆ ಎರಡು ಮೂರು ಸಾಲಿನ ಸಂದರ್ಭ ಕೊಡಲಿ.

ಮಗಳು ಅಜ್ಜಿಯ ಪುಟವನ್ನು ಪೂರ್ತಿ ತಿದ್ದಿ ಬರೆದಿದ್ದಾಳೆ. 'ಇಂಗ್' ಹಚ್ಚಿದ 'ವಾಸ್' ಒಂದೇ ಒಂದು ಉಳಿದಿದೆ. 'ವೆನ್ ಅಜ್ಜಿ ಡೈಡ್, ಐ ವಾಸ್ ರೈಟಿಂಗ್ ಮೈ ಎಕ್ಸಾಮ್.' ಸೋಮವಾರ ಪುಸ್ತಕವನ್ನು ಮತ್ತೆ ಶಾಲೆಗೆ ಒಯ್ಯುತ್ತಾಳೆ. ಅವರು ಅಂಕ ಹೆಚ್ಚು ಕೊಡದಿದ್ದರೂ ಸರಿ, ಓದಿ ಪಕ್ಕದಲ್ಲಿ ಒಂದು ಸಾಲು ಬರೆದರೆ ಸಾಕು.

ಇಂತಿ,
ಒಬ್ಬ ತೋಟದ ರೈಟರ್
ಬಣಕಲ್, ಮೂಡಿಗೆರೆ ತಾಲ್ಲೂಕು